ಮಂಡಿ ಆಪರೇಷನ್ ಆದಮೇಲೆ ಕಾಲಲ್ಲಿ ಕ್ಲಾಟ್ (ಹೆಪ್ಪುಗಟ್ಟಿದ ರಕ್ತ): ನಡೆಸಬಹುದಾ, ಮಲಗಿಸಬೇಕಾ?

ತುಂಗಾತೀರ
ಅತ್ತೆಗೆ 64 ವರ್ಷ. ಮಂಡಿ ಚಿಪ್ಪು ಬದಲಾಯಿಸಿ ಹತ್ತು ದಿನ. ಎಡ ಮೀನಖಂಡ ಬಲಕ್ಕಿಂತ 4 ಸೆಂ.ಮೀ. ದಪ್ಪ, ಮುಟ್ಟಿದರೆ ಬಿಸಿ. ಡಾಪ್ಲರ್‌ನಲ್ಲಿ (ರಕ್ತನಾಳ ನೋಡೋ ಸ್ಕ್ಯಾನ್) ಮಂಡಿಯ ಹಿಂದಿನ ದೊಡ್ಡ ರಕ್ತನಾಳದಲ್ಲಿ ಕ್ಲಾಟ್ ಅಂತ ಬಂದಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯೋ ರಿವರಾಕ್ಸಬಾನ್ ಮಾತ್ರೆ 15 ಮಿ.ಗ್ರಾಂ. ಬೆಳಿಗ್ಗೆ-ರಾತ್ರಿ ಕೊಟ್ಟಿದ್ದಾರೆ. ಕ್ಲಾಟ್ ಸುಳಿವು ಕೊಡೋ ಡಿ-ಡೈಮರ್ ರಕ್ತಪರೀಕ್ಷೆ ಮಾಡಿಸಲೇ ಇಲ್ಲ, ಯಾಕೆ? ಮನೆಯಲ್ಲಿ ಎಣ್ಣೆ ಹಚ್ಚಿ ನೀವಿದರೆ ಬಾವು ಇಳಿಯುತ್ತೆ ಅಂತಿದ್ದಾರೆ. ಕರಗೋವರೆಗೆ ಮಲಗಿಸೇ ಇಡಬೇಕಾ?

ಡಾಪ್ಲರ್ ಕೋಣೆ
ನೀವೋದು ಬೇಡವೇ ಬೇಡ. ಹೊಸ ಕ್ಲಾಟ್ ನಾಳದ ಗೋಡೆಗೆ ಇನ್ನೂ ಗಟ್ಟಿಯಾಗಿ ಅಂಟಿರಲ್ಲ. ಚೂರು ಕಿತ್ತುಬಂದರೆ ತೊಡೆ, ಹೊಟ್ಟೆಯ ಮಹಾಸಿರೆ, ಹೃದಯದ ಬಲಭಾಗ ಎಲ್ಲ ದಾಟಿಹೋಗುತ್ತೆ, ಯಾಕಂದ್ರೆ ಅಲ್ಲಿವರೆಗೆ ದಾರಿ ಅಗಲವಾಗುತ್ತಲೇ ಹೋಗುತ್ತೆ. ಶ್ವಾಸಕೋಶದಲ್ಲಿ ನಾಳ ಕವಲೊಡೆದು ಸಣ್ಣದಾಗೋದು, ಸಿಕ್ಕಿಹಾಕಿಕೊಳ್ಳೋದೂ ಅಲ್ಲೇ.

ಡಿ-ಡೈಮರ್ ಬಿಟ್ಟದ್ದು ಸರಿಯಾಗೇ ಇದೆ. ಆಪರೇಷನ್ ಗಾಯ ಮಾಯುವಾಗಲೂ ಅದು ಏರಿರುತ್ತೆ. ಅನುಮಾನ ಕಡಿಮೆ ಇರೋರಲ್ಲಿ ನಾರ್ಮಲ್ ಬಂದರೆ ಕ್ಲಾಟ್ ಇಲ್ಲ ಅನ್ನೋಕೆ ಮಾತ್ರ ಅದು ಉಪಯೋಗ. ಡಾಪ್ಲರ್‌ನಲ್ಲಿ ನೋಡೋದು ಬೇರೆ: ಪ್ರೋಬ್ (ಚರ್ಮದ ಮೇಲಿಡೋ ಸ್ಕ್ಯಾನ್ ಸಾಧನ) ಒತ್ತಿದಾಗ ಸಿರೆ ಚಪ್ಪಟೆಯಾಗಬೇಕು, ಕ್ಲಾಟ್ ತುಂಬಿದ್ದರೆ ಆಗಲ್ಲ.

ಔಷಧಿ ಶುರುವಾಗಿ ಉಸಿರು, ಬಿಪಿ ಸರಿಯಿದ್ದರೆ ವಾಕರ್ ಹಿಡಿಸಿ ನಡೆಸಬಹುದು. ಮಲಗಿಸಿದರೆ ರಕ್ತ ನಿಂತು ಇನ್ನಷ್ಟು ಹೆಪ್ಪುಗಟ್ಟುತ್ತೆ. ಫಿಸಿಯೋ ವ್ಯಾಯಾಮ ಮಾತ್ರ ಸರ್ಜನ್ ಕೇಳಿಯೇ ಮುಂದುವರಿಸಿ.

ಔಷಧಿ ಕೌಂಟರ್
ಈ ಮಾತ್ರೆ ಕ್ಲಾಟ್ ಕರಗಿಸಲ್ಲ, ಬೆಳೆಯದಂತೆ ತಡೆಯುತ್ತೆ. ಕರಗಿಸೋದು ದೇಹವೇ, ವಾರಗಟ್ಟಲೆ ಹಿಡಿಯುತ್ತೆ. ಬಾವು ಇಳೀತು ಅಂತ ನಿಲ್ಲಿಸೋರು ಇಲ್ಲೇ ಎಡವೋದು.

15 ಮಿ.ಗ್ರಾಂ. ಎರಡು ಹೊತ್ತು, 21 ದಿನ. ಆಮೇಲೆ ಸಾಮಾನ್ಯವಾಗಿ 20 ಮಿ.ಗ್ರಾಂ. ದಿನಕ್ಕೊಂದೇ. 22ನೇ ದಿನ ಯಾವುದು ಅಂತ ಇವತ್ತೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ: ಕೆಲವರು 15 ಅನ್ನೇ ಎರಡು ಹೊತ್ತು ಮುಂದುವರಿಸಿ ರಕ್ತಸ್ರಾವ ತಂದುಕೊಳ್ತಾರೆ, ಕೆಲವರು ಸ್ಟ್ರಿಪ್ ಮುಗೀತು ಅಂತ ಬಿಟ್ಟೇಬಿಡ್ತಾರೆ. ಆಪರೇಷನ್‌ನಿಂದ ಬಂದ ಕ್ಲಾಟ್‌ಗೆ ಸಾಮಾನ್ಯವಾಗಿ ಮೂರು ತಿಂಗಳ ಕೋರ್ಸ್. ಊಟದ ಜೊತೆಗೇ ಕೊಡಿ, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಹೀರಿಕೊಳ್ಳಲ್ಲ. ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಿಪೋರ್ಟ್ ಡಾಕ್ಟರ್ ನೋಡಿರಬೇಕು. ಮಂಡಿ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಸಾಕು. ಮಲ ಡಾಂಬರಿನಂತೆ ಕಪ್ಪಾದರೆ, ಬಿದ್ದು ತಲೆಗೆ ಪೆಟ್ಟಾದರೆ ಹೊರಗೆ ಗಾಯವಿಲ್ಲದಿದ್ದರೂ ತಕ್ಷಣ ಆಸ್ಪತ್ರೆ.

ತುರ್ತು ವಿಭಾಗ
ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆ ಚುಚ್ಚೋದು, ಕೆಮ್ಮಿದರೆ ರಕ್ತ, ತಲೆಸುತ್ತಿ ಬೀಳೋದು, ಸುಮ್ಮನೆ ಕೂತಿದ್ದಾಗಲೂ ನಾಡಿ 100 ದಾಟೋದು: ಯಾವ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಆಕ್ಸಿಮೀಟರ್ 97 ತೋರಿಸ್ತಿದೆ ಅಂತ ಕಾಯಬೇಡಿ, ಶ್ವಾಸಕೋಶದಲ್ಲಿ ಕ್ಲಾಟ್ ಇದ್ದೂ ಅದು ನಾರ್ಮಲ್ ಇರಬಹುದು. ಖಚಿತವಾಗೋದು ಡೈ ಹಾಕಿ ಮಾಡುವ ಸಿಟಿ ಸ್ಕ್ಯಾನ್‌ನಲ್ಲಿ.

ತುಂಗಾತೀರ
ಉದ್ದ ಬಿಗಿ ಸಾಕ್ಸ್ ಹಾಕಿಸಬೇಕಾ?

ಡಾಪ್ಲರ್ ಕೋಣೆ
ಕಡ್ಡಾಯವಲ್ಲ. ಬಾವು, ಭಾರ ಕಡಿಮೆ ಅನಿಸಿದರೆ ಹಗಲು ಹಾಕಿಸಿ. ಪಾದ ತಣ್ಣಗಿದ್ದು ನಾಡಿ ಸಿಗದಿದ್ದರೆ ಹಾಕಲೇಬೇಡಿ, ಮೊದಲು ತೋರಿಸಿ.