ಐದು ಜಾಲತಾಣ, ಒಂದೇ ಯೋಜನೆ: ಎಲ್ಲವೂ ಒಂದೇ ಮನೆಯವೆಂದು ಕಾಣುವಂತೆ ಮಾಡುವುದು ಹೇಗೆ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ.

ಹಳ್ಳಿ ಗ್ರಂಥಾಲಯಗಳ ಪುಸ್ತಕಪಟ್ಟಿಯನ್ನು ಅಂತರಜಾಲಕ್ಕೆ ತರುವ ಮುಕ್ತ ತಂತ್ರಾಂಶ ಯೋಜನೆಯೊಂದರಲ್ಲಿ ಮೂರು ವರ್ಷಗಳಿಂದ ಇದ್ದೇನೆ. ನಾವು ಒಂಬತ್ತು ಮಂದಿ. ಎಲ್ಲರೂ ನೌಕರಿ ಮುಗಿಸಿ ರಾತ್ರಿ ಕುಳಿತು ಕೋಡ್ ಬರೆಯುವವರು. ಯೋಜನೆ ಬೆಳೆದಂತೆ ಜಾಲತಾಣಗಳೂ ಒಂದೊಂದಾಗಿ ಹುಟ್ಟಿಕೊಂಡವು. ಓದುಗರು ಪುಸ್ತಕ ಹುಡುಕುವ ಪುಟ ವ್ಯೂ ಎಂಬ ಜಾಲಪುಟ ಕಟ್ಟುವ ತಂತ್ರಾಂಶದಲ್ಲಿದೆ. ಗ್ರಂಥಪಾಲಕರು ಎರವಲು ಬರೆದಿಡುವ ರಿಜಿಸ್ಟರ್ ಜ್ಯಾಂಗೋ ಎಂಬ ಇನ್ನೊಂದರಲ್ಲಿದೆ. ಚರ್ಚೆಗೆ ಡಿಸ್ಕೋರ್ಸ್, ಅನುವಾದಕ್ಕೆ ವೆಬ್ಲೇಟ್, ಕೈಪಿಡಿಗೆ ಹ್ಯೂಗೋ. ಐದೂ ನಮ್ಮವೇ, ಆದರೆ ಅಕ್ಕಪಕ್ಕ ತೆರೆದಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆಯೆಂದು ಯಾರೂ ಹೇಳಲಾರರು.

ಇದನ್ನು ನಾನು ಬಹಳ ದಿನ ಅಂದಚಂದದ ವಿಷಯ ಎಂದುಕೊಂಡಿದ್ದೆ. ಕಳೆದ ತಿಂಗಳು ಜಗಳೂರು ತಾಲ್ಲೂಕಿನ ಗ್ರಂಥಪಾಲಕಿಯೊಬ್ಬರು ಫೋನ್ ಮಾಡಿದರು. "ಪುಸ್ತಕ ಹುಡುಕುವ ಪುಟ ಹಸಿರಾಗಿತ್ತು. ರಿಜಿಸ್ಟರ್ ಒತ್ತಿದರೆ ಕಿತ್ತಳೆ ಬಣ್ಣದ ಪುಟ ಬಂದು ಪಾಸ್‌ವರ್ಡ್ ಕೇಳಿತು. ಯಾರೋ ಮೋಸಗಾರರದ್ದು ಇರಬೇಕೆಂದು ಮುಚ್ಚಿಬಿಟ್ಟೆ. ಎರಡು ವಾರದಿಂದ ಎರವಲನ್ನು ನೋಟ್‌ಬುಕ್ಕಿನಲ್ಲೇ ಬರೆಯುತ್ತಿದ್ದೇನೆ" ಎಂದರು. ಅವರು ಮಾಡಿದ್ದು ಸರಿ. ಒಟಿಪಿ ಕೇಳಿ ದುಡ್ಡು ಎತ್ತುವವರ ಈ ಕಾಲದಲ್ಲಿ ಗುರುತಿಲ್ಲದ ಪುಟಕ್ಕೆ ಪಾಸ್‌ವರ್ಡ್ ಕೊಡಬೇಡಿ ಎಂದು ನಾವೇ ಅವರಿಗೆ ತರಬೇತಿಯಲ್ಲಿ ಹೇಳಿದ್ದೇವೆ. ಆ ಎರಡು ವಾರದ ನೋಟ್‌ಬುಕ್ ಪುಟಗಳು ನನ್ನನ್ನು ಈಗಲೂ ಕಾಡುತ್ತಿವೆ.

ಹೋದ ವರ್ಷ 14 ಪುಟಗಳ ವಿನ್ಯಾಸ ನಿಯಮಾವಳಿ ಬರೆದು ಎಲ್ಲರಿಗೂ ಕಳುಹಿಸಿದ್ದೆವು. ಎಲ್ಲರೂ ಒಪ್ಪಿದರು. ಒಂದು ಪುಟವೂ ಬದಲಾಗಲಿಲ್ಲ.

ನನ್ನ ತಂದೆ ಮೂವತ್ತು ವರ್ಷ ಇಲ್ಲಿ ಅಂಗಡಿಗಳ ಬೋರ್ಡ್ ಬರೆದವರು. ನಾನು ಚಿಕ್ಕವಳಿದ್ದಾಗ ಮಂಡಿಪೇಟೆಯ ವರ್ತಕರೊಬ್ಬರು ಅಂಗಡಿಗೆ, ಗೋದಾಮಿಗೆ, ಸಾಮಾನು ಸಾಗಿಸುವ ಗಾಡಿಗೆ ಒಟ್ಟಿಗೆ ಬರೆಸಿದರು. ಅಪ್ಪ ಮೊದಲ ದಿನವೇ ಮೂರಕ್ಕೂ ಸಾಲುವಷ್ಟು ಬಣ್ಣವನ್ನು ಒಂದೇ ಡಬ್ಬಿಯಲ್ಲಿ ಕಲಸಿ, ಮುಚ್ಚಳದ ಮೇಲೆ ವರ್ತಕರ ಹೆಸರು ಬರೆದಿಟ್ಟರು. "ಮೂರು ಸಲ ಕಲಸಿದರೆ ಮೂರು ಬಣ್ಣ ಆಗುತ್ತದೆ" ಎಂದರು. ನನಗೆ ಬೇಕಿರುವುದು ಆ ಡಬ್ಬಿ. ಐದು ಬೇರೆ ಬೇರೆ ತಂತ್ರಾಂಶಗಳು ಒಂದೇ ಡಬ್ಬಿಯಿಂದ ಬಣ್ಣ ತೆಗೆದುಕೊಳ್ಳುವಂತೆ ಮಾಡುವುದು ಹೇಗೆ? ಪೂರ್ತಿ ವೇಳೆ ದುಡಿಯುವ ವಿನ್ಯಾಸಕಾರರು ನಮ್ಮಲ್ಲಿಲ್ಲ ಎನ್ನುವುದು ನೆನಪಿರಲಿ.

ಉತ್ತರ 1 (ಚಿತ್ರದುರ್ಗದಿಂದ)

ಮೇಡಂ, ನಿಮ್ಮ ಡಬ್ಬಿಗೆ, ಪುಟದ ಬಣ್ಣ ಮತ್ತು ಅಳತೆಗಳನ್ನು ಬರೆಯುವ ಭಾಷೆಯಾದ ಸಿಎಸ್ಎಸ್‌ನಲ್ಲಿ ಈಗಾಗಲೇ ಜಾಗವಿದೆ: ಸಿಎಸ್ಎಸ್ ವೇರಿಯಬಲ್‌ಗಳು. ಪುಟದ ಬೇರಿನಲ್ಲಿ ಒಮ್ಮೆ ಹೆಸರಿಟ್ಟು ಬೆಲೆ ಕೊಟ್ಟರೆ ಕೆಳಗಿನ ಎಲ್ಲ ಅಂಶಗಳೂ ಅದನ್ನೇ ಓದಿಕೊಳ್ಳುತ್ತವೆ. ಅದಕ್ಕೆ ಜ್ಯಾಂಗೋ ಆದರೇನು, ವ್ಯೂ ಆದರೇನು. ಬ್ರೌಸರ್ ತಲುಪುವ ಹೊತ್ತಿಗೆ ಎಲ್ಲವೂ ಸಿಎಸ್ಎಸ್ ತಾನೆ? ಆದ್ದರಿಂದ ಹೊಸದಾಗಿ ಒಂದು ಸಣ್ಣ ರೆಪೊಸಿಟರಿ (ಕೋಡ್ ಇಡುವ ಸಂಗ್ರಹ) ಮಾಡಿ. ಅದರಲ್ಲಿ ವೇರಿಯಬಲ್‌ಗಳ ಒಂದು ಕಡತ, ಎಸ್‌ವಿಜಿ ರೂಪದ ಲಾಂಛನ, ಪುಟದ ಮೇಲ್ಭಾಗದ ಪಟ್ಟಿಯ ಒಂದು ತುಣುಕು ಇಷ್ಟೇ ಇರಲಿ. 14 ಪುಟ ಓದದವರು ಅದನ್ನು ಕರೆಸಿಕೊಳ್ಳುವ ಒಂದು ಸಾಲು ಸೇರಿಸಲು ಬೇಸರಪಡುವುದಿಲ್ಲ.

ಹೆಸರಿಡುವಾಗ ಒಂದು ಎಚ್ಚರ. "ಹಸಿರು" ಎಂದು ಹೆಸರಿಡಬೇಡಿ. "ಮುಖ್ಯ ಬಟನ್", "ಎಚ್ಚರಿಕೆ", "ಹಿನ್ನೆಲೆ" ಎಂದು ಕೆಲಸದ ಮೇಲೆ ಹೆಸರಿಡಿ. ನಾಳೆ ಹಸಿರು ಹೋಗಿ ನೀಲಿ ಬಂದರೆ "ಹಸಿರು" ಎಂಬ ವೇರಿಯಬಲ್ ನೀಲಿ ತೋರಿಸುತ್ತಾ ಕುಳಿತಿರುತ್ತದೆ, ಹೊಸಬರು ತಲೆ ಕೆಡಿಸಿಕೊಳ್ಳುತ್ತಾರೆ.

ಈ ತೊಂದರೆ ನಿಮ್ಮೊಬ್ಬರದ್ದಲ್ಲ. ಬೂಟ್‌ಸ್ಟ್ರಾಪ್ ಎಂಬ ಸಿದ್ಧ ಸಿಎಸ್ಎಸ್ ಸಂಗ್ರಹ ಹುಟ್ಟಿದ್ದೇ ಟ್ವಿಟರ್ ಒಳಗಿನ ಉಪಕರಣಗಳು ಒಂದೊಂದು ರೀತಿ ಕಾಣುತ್ತಿದ್ದವು ಎಂಬ ಕಾರಣಕ್ಕೆ. ಅದನ್ನು 2011ರ ಆಗಸ್ಟ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಫೆಡೋರಾ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಯೋಜನೆಯವರು ಅದೇ ಬೂಟ್‌ಸ್ಟ್ರಾಪ್ ಮೇಲೆ ತಮ್ಮದೊಂದು ಥೀಮ್ ಕಟ್ಟಿ, ತಮ್ಮ ಬೇರೆ ಬೇರೆ ಜಾಲತಾಣಗಳಲ್ಲಿ ಬಳಸಿಕೊಂಡರು. ವಿಕಿಪೀಡಿಯ ನಡೆಸುವ ವಿಕಿಮೀಡಿಯಾದವರ ವಿನ್ಯಾಸ ವ್ಯವಸ್ಥೆ ಕೋಡೆಕ್ಸ್ ನೋಡಿ: ಬಣ್ಣ, ಅಂತರ, ಅಕ್ಷರದ ಅಳತೆಗಳೆಲ್ಲ ಅದರಲ್ಲಿ ಹೆಸರಿಟ್ಟ ಬೆಲೆಗಳಾಗಿ, ಅಂದರೆ ಟೋಕನ್‌ಗಳಾಗಿ ಬೇರೆಯೇ ಇವೆ. ವ್ಯೂ ಘಟಕಗಳು ಅದರ ಮೇಲೆ ನಿಂತಿವೆ, ವ್ಯೂ ಬಳಸದ ಪುಟಗಳಿಗೆ ಬರಿಯ ಸಿಎಸ್ಎಸ್ ರೂಪವೂ ಇದೆ. ನಿಮ್ಮಲ್ಲಿ ಒಂದು ವ್ಯೂ, ಒಂದು ಜ್ಯಾಂಗೋ ಇರುವುದರಿಂದ ಈ ಎರಡನೆಯ ಮಾತು ಮುಖ್ಯ. ಕೋಡೆಕ್ಸ್ ಅನ್ನೇ ತಂದಿಟ್ಟುಕೊಳ್ಳಿ ಎನ್ನುವುದಿಲ್ಲ, ಅದು ಹೇಗೆ ಪದರಪದರವಾಗಿದೆ ಎಂದು ನೋಡಿ ಕಲಿಯಿರಿ.

ಡಿಸ್ಕೋರ್ಸ್‌ಗೂ ವೆಬ್ಲೇಟ್‌ಗೂ ಹೆಚ್ಚು ಕೈ ಹಾಕಬೇಡಿ. ಬಣ್ಣ, ಲಾಂಛನ, ಮೇಲಿನ ಪಟ್ಟಿ ಬದಲಿಸಲು ಎರಡೂ ದಾರಿ ಕೊಟ್ಟಿವೆ. ಅದನ್ನು ಮೀರಿ ಒಳಗಿನ ಟೆಂಪ್ಲೇಟ್ ತಿದ್ದಲು ಹೋದರೆ ಪ್ರತಿ ಹೊಸ ಆವೃತ್ತಿಗೂ ನಿಮ್ಮ ಒಂದೊಂದು ಭಾನುವಾರ ಹೋಗುತ್ತದೆ.

ವೇರಿಯಬಲ್‌ಗಳ ಆ ಕಡತವನ್ನು ನಿಮ್ಮದೇ ಒಂದು ಸರ್ವರ್‌ನಲ್ಲಿಟ್ಟು ಐದೂ ಕಡೆಯಿಂದ ನೇರವಾಗಿ ಕರೆಸಿಕೊಳ್ಳಿ. ಒಂದು ಕಡೆ ತಿದ್ದಿದರೆ ಐದೂ ಕಡೆ ತಿದ್ದಿದ ಹಾಗೆ.

ಉತ್ತರ 2 (ಹೊಸದುರ್ಗದವನು, ಈಗ ಬೆಂಗಳೂರಿನಲ್ಲಿ)

ಮೇಲಿನ ಉತ್ತರದ ಕೊನೆಯ ಎರಡು ಸಾಲು ಬಿಟ್ಟು ಉಳಿದದ್ದಕ್ಕೆಲ್ಲ ನನ್ನ ಸಹಮತವಿದೆ. ನಾನು ಹಿಂದೆ ಇದ್ದ ಕಡೆ ಹೀಗೇ ಮಾಡಿದ್ದೆವು. ಒಂದು ಬೆಳಿಗ್ಗೆ ಯಾರೋ ಬಟನ್ ಸುತ್ತಲಿನ ಅಂತರವನ್ನು ತಿದ್ದಿದರು. ಅವರ ಪುಟದಲ್ಲಿ ಚೆನ್ನಾಗಿಯೇ ಕಂಡಿತು. ಇನ್ನೊಂದು ಪುಟದಲ್ಲಿ ದೂರು ಸಲ್ಲಿಸುವ ಬಟನ್ ಸಣ್ಣ ಮೊಬೈಲ್‌ಗಳ ಪರದೆಯ ಆಚೆ ಸರಿದುಹೋಯಿತು. ಸಂಜೆಯವರೆಗೆ ಒಂದು ದೂರೂ ಬರಲಿಲ್ಲ. ಎಲ್ಲ ಸರಿಯಿದೆ ಎಂದುಕೊಂಡೆವು.

ಆದ್ದರಿಂದ ಆ ಕಡತಕ್ಕೆ ಆವೃತ್ತಿ ಸಂಖ್ಯೆ ಕೊಟ್ಟು ಪ್ಯಾಕೇಜ್ ಆಗಿ ಬಿಡುಗಡೆ ಮಾಡಿ. ಪ್ರತಿ ಆ್ಯಪ್ ತಾನು ಯಾವ ಆವೃತ್ತಿ ಬಳಸುತ್ತೇನೆಂದು ತನ್ನಲ್ಲೇ ಬರೆದಿಟ್ಟುಕೊಳ್ಳಲಿ. ಹೊಸದು ಬಂದಾಗ ರೆನೊವೇಟ್‌ನಂತಹ ಉಪಕರಣ ತಾನೇ ಪುಲ್ ರಿಕ್ವೆಸ್ಟ್ (ಬದಲಾವಣೆ ಒಪ್ಪಿಕೊಳ್ಳಿ ಎಂಬ ಕೋರಿಕೆ) ತೆರೆಯುತ್ತದೆ. ಒಬ್ಬರು ನೋಡಿ ಒಪ್ಪಿದರೆ ಆಯಿತು. ಒಪ್ಪುವ ಮುನ್ನ ಬ್ರೌಸರ್ ಅನ್ನು ತಾನೇ ನಡೆಸುವ ಉಪಕರಣವಾದ ಪ್ಲೇರೈಟ್‌ನಿಂದ ಪುಟದ ಚಿತ್ರ ತೆಗೆದು ಹಳೆಯದರೊಂದಿಗೆ ಹೋಲಿಸಿ. ಆ ಪರೀಕ್ಷೆ ಪ್ರತಿ ಸಲ ಸಿದ್ಧಪಡಿಸಿಟ್ಟ ಒಂದೇ ಪರಿಸರದಲ್ಲಿ, ಅಂದರೆ ಒಂದೇ ಕಂಟೇನರ್‌ನಲ್ಲಿ ನಡೆಯಲಿ. ನಿಮ್ಮ ಲ್ಯಾಪ್‌ಟಾಪ್‌ನ ಅಕ್ಷರ ಮೂಡುವ ರೀತಿ ಬೇರೆ, ಸರ್ವರ್‌ನದು ಬೇರೆ. ಹಾಗೆ ಮಾಡದಿದ್ದರೆ ಇಲ್ಲದ ವ್ಯತ್ಯಾಸಗಳೆಲ್ಲ ಕೆಂಪಾಗಿ ಬರುತ್ತವೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಜಗಳೂರಿನ ಆ ತಾಯಿಯ ಕಷ್ಟ ಬಣ್ಣದಿಂದ ಮಾತ್ರ ತೀರುವುದಲ್ಲ. ನೀವು ಐದು ಪುಟಗಳನ್ನೂ ಒಂದೇ ಹಸಿರಿಗೆ ತಂದರೆ ಮೋಸಗಾರನೂ ಅದೇ ಹಸಿರು ಬಳಿಯಬಲ್ಲ. ಅವನಿಂದ ಆಗದಿರುವುದು ನಿಮ್ಮ ವಿಳಾಸ. ಐದನ್ನೂ ಒಂದೇ ಡೊಮೇನ್ ಕೆಳಗೆ ತನ್ನಿ. ಐದು ಲಾಗಿನ್ ಪುಟಗಳನ್ನು ಒಂದೇ ರೀತಿ ಮಾಡಲು ಹೆಣಗುವ ಬದಲು ಲಾಗಿನ್ ಪುಟವನ್ನೇ ಒಂದು ಮಾಡಿ. ಲಾಗಿನ್ ನೋಡಿಕೊಳ್ಳುವ ಕೀಕ್ಲೋಕ್ ತಂತ್ರಾಂಶ ಹಾಕಿ ಓಪನ್‌ಐಡಿ ಕನೆಕ್ಟ್ ಎಂಬ ಲಾಗಿನ್ ಮಾನದಂಡದ ಮೂಲಕ ಜೋಡಿಸಬಹುದು. ಜ್ಯಾಂಗೋ, ಡಿಸ್ಕೋರ್ಸ್, ವೆಬ್ಲೇಟ್ ಮೂರಕ್ಕೂ ಅದು ಬರುತ್ತದೆ. ಆಗ ಗ್ರಂಥಪಾಲಕರಿಗೆ ಹೇಳಿಕೊಡಬೇಕಾದ್ದು ಒಂದೇ ಪುಟ, ಒಂದೇ ವಿಳಾಸ. ಮೊಬೈಲ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಕೂಡ ಆ ವಿಳಾಸದಲ್ಲಿ ಮಾತ್ರ ತಾನಾಗಿ ತುಂಬಿಕೊಳ್ಳುತ್ತದೆ. ಮೊದಲು ಇದನ್ನು ಮಾಡಿ, ಬಣ್ಣ ಆಮೇಲೆ.

ಉತ್ತರ 3 (ದಾವಣಗೆರೆಯಿಂದ)

ಆ ಕಿತ್ತಳೆ ಬಣ್ಣದ ಬಗ್ಗೆ ಒಂದು ಮಾತು. ನಿಮ್ಮ ರಿಜಿಸ್ಟರ್ ಪುಟದ ಪ್ರತಿಯನ್ನು ನಮ್ಮ ಊರಿನ ಗ್ರಂಥಾಲಯದಲ್ಲಿ ಬಳಸುತ್ತಿದ್ದೇವೆ, ಆದ್ದರಿಂದ ಅಳೆದು ನೋಡಿದೆ. ಬಟನ್‌ನ ಕಿತ್ತಳೆಯಲ್ಲಿ, 255ರ ಅಳತೆಗೆ, ಕೆಂಪು 255, ಹಸಿರು 152, ನೀಲಿ 0. ಅದರ ಮೇಲಿನ ಬಿಳಿ ಅಕ್ಷರಕ್ಕೆ ಬರುವ ಬೆಳಕಿನ ವ್ಯತ್ಯಾಸದ ಅನುಪಾತ ಸುಮಾರು 2.2. ಸಾಮಾನ್ಯ ಗಾತ್ರದ ಅಕ್ಷರಕ್ಕೆ, ಎಲ್ಲರೂ ಬಳಸಬಲ್ಲ ಜಾಲಪುಟಗಳ ಮಾನದಂಡವಾದ ಡಬ್ಲ್ಯುಸಿಎಜಿಯ ಎಎ ಮಟ್ಟ ಕೇಳುವುದು ಕನಿಷ್ಠ 4.5. ಕಿಟಕಿ ಪಕ್ಕ ಕುಳಿತ ನಮ್ಮ ಗ್ರಂಥಪಾಲಕರು ಮಧ್ಯಾಹ್ನ ಪರದೆಗೆ ಕೈ ಅಡ್ಡ ಹಿಡಿದು ಓದುತ್ತಾರೆ. ಡಬ್ಬಿಗೆ ಬಣ್ಣ ಆರಿಸುವಾಗ ಇದನ್ನು ದಯವಿಟ್ಟು ನೋಡಿ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಮೂವರಿಗೂ ತುಂಬು ಮನಸ್ಸಿನ ಧನ್ಯವಾದ. ಆದದ್ದನ್ನು ಹೇಳುತ್ತೇನೆ, ನಿಮ್ಮ ಮಾತಿನಲ್ಲಿ ಇಲ್ಲದ ಒಂದು ಸಂಗತಿಯೂ ಎದುರಾಯಿತು.

ಲಾಗಿನ್ ಒಂದಾಗಿದೆ. ಹೊಸದುರ್ಗದ ಸರ್ ಹೇಳಿದಂತೆ ಅದನ್ನೇ ಮೊದಲು ಮುಗಿಸಿದೆವು. ಕಿತ್ತಳೆ ಹೋಯಿತು. ಹಳೆಯ ಹಸಿರೂ ಬಿಳಿಯ ಮೇಲೆ ಸೋತಿದ್ದರಿಂದ ಕೆಂಪು 0, ಹಸಿರು 95, ನೀಲಿ 115 ಇರುವ ಗಾಢ ಬಣ್ಣಕ್ಕೆ ಬಂದೆವು. ಬಿಳಿಯೊಂದಿಗೆ ಅದರ ಅನುಪಾತ 7 ದಾಟುತ್ತದೆ. ಪ್ಯಾಕೇಜ್‌ನಲ್ಲಿ ಈಗ ಇರುವುದು 22 ವೇರಿಯಬಲ್ ಮಾತ್ರ.

ಬಣ್ಣ ಹೊಂದಿತು, ಆದರೆ ಪುಟಗಳು ಹೊಂದಲಿಲ್ಲ. ಏಕೆಂದು ನನಗೆ ತಿಳಿಯಲಿಲ್ಲ. ಅಪ್ಪನನ್ನು ಕರೆದು ಮೂರು ಪುಟಗಳನ್ನು ಪರದೆಯ ಮೇಲೆ ಸಾಲಾಗಿ ಇಟ್ಟೆ. ಅವರು ಬಣ್ಣದತ್ತ ನೋಡಲೇ ಇಲ್ಲ. ರಿಜಿಸ್ಟರ್‌ನ ಬಟನ್ ಮೇಲೆ ಬೆರಳಿಟ್ಟು "ಇದೇನಮ್ಮಾ, 'ಸಲಿಸಿ' ಎಂದು ಬರೆದಿದ್ದೀರಿ?" ಎಂದರು. ನಾವು ಬರೆದದ್ದು "ಸಲ್ಲಿಸಿ". ಬಟನ್‌ಗೆ 32 ಪಿಕ್ಸೆಲ್ ಎತ್ತರವನ್ನು ಗಟ್ಟಿಯಾಗಿ ಕಟ್ಟಿ, ಮೀರಿದ್ದನ್ನು ಮರೆಮಾಡಿ ಎಂದಿದ್ದರಿಂದ ಲಕಾರದ ಒತ್ತು ಕೆಳಗೆ ಕತ್ತರಿಸಿಹೋಗಿತ್ತು. ಎರಡು ವರ್ಷದಿಂದ ಹಾಗೆಯೇ ಇತ್ತು. ದಿನಾ ನೋಡುವ ನಮ್ಮ ಕಣ್ಣು ಇಲ್ಲದ ಒತ್ತನ್ನು ತಾನೇ ಸೇರಿಸಿ ಓದಿಕೊಳ್ಳುತ್ತಿತ್ತು.

ಬೋರ್ಡ್ ಬರೆಯುವ ಮುನ್ನ ಅಪ್ಪ ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡೂ ತುದಿ ಬಿಗಿದು, ನಡುವೆ ಎಳೆದು ಬಿಟ್ಟು ಗೆರೆ ಮೂಡಿಸುತ್ತಿದ್ದರು. ಇಂಗ್ಲಿಷ್ ಸಾಲಿಗೆ ಎರಡು ಗೆರೆ. ಕನ್ನಡದ ಸಾಲಿಗೆ ಮೂರು: ತಲೆಕಟ್ಟಿಗೊಂದು, ಅಕ್ಷರದ ಪಾದಕ್ಕೊಂದು, ಅದರ ಕೆಳಗೆ ಒತ್ತಿಗೊಂದು. "ಒತ್ತಿನ ಗೆರೆ ಹಾಕದವನು ಕೊನೆಯಲ್ಲಿ ಒತ್ತನ್ನು ಹಿಸುಕಿ ಬರೆಯುತ್ತಾನೆ" ಎಂದು ಅಂದು ಹೇಳುತ್ತಿದ್ದುದು ಈಗ ಅರ್ಥವಾಯಿತು. ನಮ್ಮ ಐದೂ ಪುಟಗಳನ್ನು ಇಂಗ್ಲಿಷ್ ಪಠ್ಯಕ್ಕೆ ಕಟ್ಟಿದವರು ಎರಡೇ ಗೆರೆ ಹಾಕಿದ್ದರು. ಒಂದೊಂದು ಪುಟ ಒಂದೊಂದು ಕನ್ನಡ ಅಕ್ಷರವಿನ್ಯಾಸವನ್ನು ತೋರಿಸುತ್ತಿತ್ತು, ಸಾಲುಗಳ ನಡುವಿನ ಅಂತರವೂ ಬೇರೆ ಬೇರೆ. ಪುಟಗಳು ಅಪರಿಚಿತವೆನಿಸುತ್ತಿದ್ದುದಕ್ಕೆ ಅರ್ಧ ಕಾರಣ ಅದೇ ಎಂದು ಈಗ ನನಗೆ ಖಚಿತವಾಗಿದೆ. ಕನ್ನಡದ ಜಾಲತಾಣಕ್ಕೆ ಬಣ್ಣಕ್ಕಿಂತ ಮೊದಲ ಗುರುತು ಅಕ್ಷರ. ನಮ್ಮ 14 ಪುಟಗಳ ನಿಯಮಾವಳಿಯಲ್ಲಿ ಕನ್ನಡ ಅಕ್ಷರದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಈಗ ಎಲ್ಲ ಕಡೆ ನೋಟೊ ಸಾನ್ಸ್ ಕನ್ನಡ ಅಕ್ಷರವಿನ್ಯಾಸ, ನಮ್ಮದೇ ಸರ್ವರ್‌ನಿಂದ. ಸಾಲಿನ ಎತ್ತರ ಅಕ್ಷರದ ಗಾತ್ರದ 1.7ರಷ್ಟು. ಬಟನ್‌ಗಳಿಗೆ ಗಟ್ಟಿ ಎತ್ತರ ತೆಗೆದು ಕನಿಷ್ಠ ಎತ್ತರ ಕೊಟ್ಟು, ಒಳಗೆ ಮೇಲೂ ಕೆಳಗೂ ಜಾಗ ಬಿಟ್ಟಿದ್ದೇವೆ. ಇಂಗ್ಲಿಷ್ ಶೀರ್ಷಿಕೆಗಳನ್ನೆಲ್ಲ ದೊಡ್ಡಕ್ಷರ ಮಾಡುವ ನಿಯಮವನ್ನು ಕಿತ್ತು ಹಾಕಿದೆವು. ಕನ್ನಡಕ್ಕೆ ದೊಡ್ಡಕ್ಷರವೇ ಇಲ್ಲ, ಆದ್ದರಿಂದ ಎರಡು ಭಾಷೆಯ ಪುಟಗಳಲ್ಲಿ ಶೀರ್ಷಿಕೆಯ ತೂಕ ಬೇರೆಯಾಗುತ್ತಿತ್ತು. ಈಗ ಎರಡಕ್ಕೂ ಗಾತ್ರ ಮತ್ತು ದಪ್ಪದಿಂದಲೇ ಶೀರ್ಷಿಕೆ ಎದ್ದು ಕಾಣುತ್ತದೆ.

ಇದೇ ಕೆಲಸ ಮಾಡುವವರಿಗೆ ಒಂದು ಕಿವಿಮಾತು. ಅಕ್ಷರದ ಕಡತವನ್ನು ಎಲ್ಲ ಲಿಪಿಗಳ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕಿರುವ ವಲಯಕ್ಕೆ ಮಾತ್ರ ಸೀಮಿತಗೊಳಿಸಿದರೆ ರೂಪಾಯಿ ಚಿಹ್ನೆಯೂ ಕಣ್ಣಿಗೆ ಕಾಣದ ಜೋಡಕ (ZWJ), ಬಿಡಕ (ZWNJ) ಚಿಹ್ನೆಗಳೂ ಆ ವಲಯದ ಹೊರಗೆ ಉಳಿಯುತ್ತವೆ. ದಂಡದ ಶುಲ್ಕ ತೋರಿಸುವ ಕಡೆ ರೂಪಾಯಿ ಚಿಹ್ನೆ ಬೇರೆ ಅಕ್ಷರವಿನ್ಯಾಸದಿಂದ ಬಂದು ಕುಳಿತಿತ್ತು. "ರ‍್ಯಾಂಕ್" ಎಂಬಲ್ಲಿ ರಕಾರವನ್ನು ಅದರ ಜಾಗದಲ್ಲಿ ಉಳಿಸುವುದು ಆ ಜೋಡಕವೇ. ಇವನ್ನೂ ವಲಯಕ್ಕೆ ಸೇರಿಸಿಕೊಳ್ಳಿ.

ವೆಬ್ಲೇಟ್ ಹೆಚ್ಚುಕಡಿಮೆ ಹಾಗೆಯೇ ಇದೆ, ಬಣ್ಣ ಮತ್ತು ಲಾಂಛನ ಮಾತ್ರ ನಮ್ಮದು. ಅದನ್ನು ಬಳಸುವವರು ಅನುವಾದಕರು, ಅವರಿಗೆ ಅದರ ರೂಪ ಗೊತ್ತು.

ಲಾಂಛನದ ಹಕ್ಕಿನ ವಿಷಯ ಉಳಿದಿದೆ. ಕೋಡ್ ಯಾರು ಬೇಕಾದರೂ ಬಳಸಲಿ, ಆದರೆ ಬೇರೆಯವರು ತಿದ್ದಿ ನಡೆಸುವ ಪ್ರತಿ ನಮ್ಮ ಲಾಂಛನ ಹೊತ್ತು ಪಾಸ್‌ವರ್ಡ್ ಕೇಳಬಾರದು. ಇನ್ನೊಂದು ಮುಕ್ತ ಕಾರ್ಯಾಚರಣ ವ್ಯವಸ್ಥೆಯಾದ ಡೆಬಿಯನ್‌ನವರು ಎರಡು ಲಾಂಛನ ಇಟ್ಟುಕೊಂಡಿದ್ದಾರೆ: ಬರಿಯ ಸುರುಳಿ ಎಲ್ಲರಿಗೂ ಮುಕ್ತ, ಸೀಸೆಯಿರುವುದು ಅಧಿಕೃತ ಬಳಕೆಗೆ ಮಾತ್ರ. ನಾವೂ ಹಾಗೆ ಮಾಡಬೇಕೆಂದು ನನ್ನ ಅಭಿಪ್ರಾಯ, ಗುಂಪು ಇನ್ನೂ ಒಪ್ಪಿಲ್ಲ.

ಮುಂದಿನ ಶನಿವಾರ ಸಂಜೆ ವಿದ್ಯಾನಗರದಲ್ಲಿ ನಮ್ಮ ಮನೆಯಲ್ಲೇ ಸೇರಿ ಐದೂ ಪುಟಗಳನ್ನು ಬೇರೆ ಬೇರೆ ಮೊಬೈಲ್‌ಗಳಲ್ಲಿ ತೆರೆದು ನೋಡುತ್ತೇವೆ. ಜಗಳೂರಿನ ಗ್ರಂಥಪಾಲಕಿಯೂ ಬರುತ್ತೇನೆಂದಿದ್ದಾರೆ, ಅವರ ನೋಟ್‌ಬುಕ್ಕಿನ ಎರವಲುಗಳನ್ನು ಅಂದೇ ರಿಜಿಸ್ಟರ್‌ಗೆ ಏರಿಸುತ್ತೇವೆ. ಹತ್ತಿರದಲ್ಲಿರುವವರು ದಯವಿಟ್ಟು ಬನ್ನಿ. ಐದಾರು ವರ್ಷ ಹಳೆಯ ಆಂಡ್ರಾಯ್ಡ್ ಮೊಬೈಲ್ ಇದ್ದರೆ ಚಾರ್ಜರ್ ಸಮೇತ ತನ್ನಿ.