ಸಹಾಯ ಬೇಕು: ಬಯೋಫೀಡ್‌ಬ್ಯಾಕ್ ಮಾಡುವಾಗ ಅಂಕಿ ನೋಡಬೇಕಾ, ಕಣ್ಣು ಮುಚ್ಚಬೇಕಾ?

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಭತ್ತದ ಸುಗ್ಗಿ ಬಂತೆಂದರೆ ರಾತ್ರಿ ಹತ್ತಾದರೂ ಮನೆ ಸೇರುವುದಿಲ್ಲ. ಕುತ್ತಿಗೆ ಬಿಗಿತ, ತಲೆನೋವು, ನಿದ್ದೆ ಇಲ್ಲ. ಬಿಪಿ 146/92 ಬಂತು. ಡಾಕ್ಟರು ಕೊಟ್ಟ ಮಾತ್ರೆ ನಡೀತಿದೆ, ಬಿಡೋದೂ ಇಲ್ಲ (ದಯವಿಟ್ಟು ಕಷಾಯ ಹೇಳಬೇಡಿ). ಜೊತೆಗೆ ಬಯೋಫೀಡ್‌ಬ್ಯಾಕ್ ಮಾಡಿ ನೋಡಿ ಅಂದರು. ನಾಡಿ, ಬೆರಳಿನ ಬಿಸಿ, ಸ್ನಾಯುವಿನ ಬಿಗಿತ ಇವನ್ನು ಯಂತ್ರದಲ್ಲಿ ನೋಡುತ್ತಾ ಮೈ ಸಡಿಲ ಬಿಡಲು ಕಲಿಯುವುದಂತೆ.

ಊರಲ್ಲಿ ಕಲಿಸುವವರು ನನಗೆ ಸಿಗಲಿಲ್ಲ. ಕೊರೋನಾ ಕಾಲದ ಆಕ್ಸಿಮೀಟರ್ ಅಲಮಾರಿಯಲ್ಲಿತ್ತು. ಅದನ್ನೇ ಬೆರಳಿಗೆ ಸಿಕ್ಕಿಸಿಕೊಂಡು ನಿಮಿಷಕ್ಕೆ 6 ಉಸಿರಿನಂತೆ ದಿನಾ 15 ನಿಮಿಷ ಕೂರುತ್ತೇನೆ. ಮೂರು ವಾರ ಆಯ್ತು. ಉಸಿರು ಎಳೆದಾಗ ನಾಡಿ 84, ಬಿಟ್ಟಾಗ 77. ಈ ಏರಿಳಿತ ಸಹಜ ಅಂತ ಓದಿದ್ದೇನೆ, ಅದರ ಚಿಂತೆ ಇಲ್ಲ.

ತೊಂದರೆ ಬೇರೆ. ಆ ಕೆಂಪು ಅಂಕಿ ನೋಡ್ತಾ ಕೂತರೆ "ಇಳೀತಾ? ಇನ್ನೂ ಇಳೀಲಿಲ್ವಾ?" ಅಂತ ಒಳಗೇ ಗಡಿಬಿಡಿ ಶುರು. ನಾಡಿ 90 ದಾಟುತ್ತದೆ. ಸಂಜೆ ಕ್ಯಾಶ್ ತಾಳೆ ಆಗದಿದ್ದಾಗ ಆಗುವಂಥದ್ದೇ ಸಂಕಟ! ಕಣ್ಣು ಮುಚ್ಚಿದರೆ ಹಾಯೆನಿಸುತ್ತದೆ. ಆದರೆ ಅಂಕಿ ನೋಡದಿದ್ದರೆ ಅದು ಸುಮ್ನೆ ಪ್ರಾಣಾಯಾಮ ಆಯ್ತು, ಅಲ್ವಾ?

ಇದನ್ನು ಕಲಿತವರು ಅಥವಾ ಕಲಿಸಿದವರು ಹೇಳಿ: ಶುರುವಿನಲ್ಲಿ ಅಂಕಿ ನೋಡಲೇಬೇಕಾ, ಇಲ್ಲ ಕಣ್ಣು ಮುಚ್ಚಿ ಮಾಡಿ ಕೊನೆಗೊಮ್ಮೆ ನೋಡಿದರೆ ಸಾಕಾ?