ತಂತಿಗೆ ಕೈ ‘ಸೋಕಿಸು’ ಅನ್ನಬಹುದಾ?

ಗೆಳೆಯರೇ,

ಮೈಸೂರಿನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಎಲೆಕ್ಟ್ರಿಕ್ ಗಿಟಾರ್ ಹೇಳಿಕೊಡುತ್ತೇನೆ. ಈಗ ಪಾಠಗಳನ್ನು ಕನ್ನಡದಲ್ಲೇ ಬರೆದು ಕೊಡುತ್ತಿದ್ದೇನೆ. ತಂತಿ, ಮೀಟು, ಬಿರಡೆ, ಕುದುರೆ (ತಂತಿಗಳನ್ನು ಹೊರುವ ಬ್ರಿಡ್ಜ್), ಮೆಟ್ಟಿಲು (ಬೆರಳೊತ್ತುವ ಫ್ರೆಟ್) ಎಲ್ಲ ವೀಣೆಯಿಂದಲೇ ಸಿಕ್ಕವು. ವೀಣೆ ಶೇಷಣ್ಣನವರ ಊರಲ್ಲಿ ಅದಕ್ಕೇನು ಬರ? ಆದರೆ ‘ಮ್ಯೂಟ್’ ಹತ್ತಿರ ಬಂದು ಪೆನ್ನು ನಿಂತಿದೆ.

ಮ್ಯೂಟ್ ಮಾಡು ಅಂದರೆ ಸದ್ದು ನಿಲ್ಲಬೇಕು ಅಂತ ಮಕ್ಕಳಿಗೆ ಗೊತ್ತಾಗುತ್ತದೆ. ಕೈ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಅಂಗೈಯ ಅಂಚನ್ನು ಕುದುರೆಯ ಪಕ್ಕದಲ್ಲೇ ತಂತಿಯ ಮೇಲಿಟ್ಟು ಮೀಟಿದರೆ ಸ್ವರ ಕೇಳುತ್ತದೆ, ಆದರೆ ಮೊಟಕಾಗಿ ಕೇಳುತ್ತದೆ. ಎಡಗೈ ಬೆರಳನ್ನು ಮೆಟ್ಟಿಲಿಗೆ ಒತ್ತದೆ ತಂತಿಯ ಮೇಲೆ ಸುಮ್ನೆ ಇಟ್ಟು ಮೀಟಿದರೆ ಸ್ವರವೇ ಇಲ್ಲ, ಬರೀ ‘ಚಕ್’.

ಮೊದಲು ‘ಅದುಮು’ ಅಂತ ಬರೆದಿದ್ದೆ. ಮಕ್ಕಳು ನಿಜಕ್ಕೂ ಅದುಮಿದರು! ತಂತಿ ಬಿಗಿದು ಶ್ರುತಿ ಏರಿತು. ‘ಒತ್ತು’ ಅಂದರೆ ಮೆಟ್ಟಿಲಿಗೆ ಒತ್ತುವುದು ಅಂತ ಆಗಲೇ ರೂಢಿಯಾಗಿದೆ. ‘ಮುಟ್ಟು’ ಪರವಾಗಿಲ್ಲ, ಆದರೆ ಎಷ್ಟು ಹಗುರ ಅನ್ನುವುದು ಅದರಲ್ಲಿಲ್ಲ. ನನಗೆ ಹಿಡಿಸಿರುವುದು ‘ಸೋಕಿಸು’. ಭಾರ ಬಿಡದೆ ತಾಗಿಸುವುದು ಅಂತ ಆ ಪದವೇ ಹೇಳುತ್ತದೆ ಅಲ್ವಾ?

ಈ ಹಗುರ ಯಾಕೆ ಇಷ್ಟು ಮುಖ್ಯ ಅಂದರೆ, ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿದಾಗ ಸಣ್ಣ ಸದ್ದೂ ಮೇಲೆದ್ದು ಬರುತ್ತದೆ. ಒಂದು ತಂತಿ ಮೀಟಿದರೆ ಪಕ್ಕದ್ದು ತಾನಾಗಿಯೇ ಗುಂಯ್ ಅನ್ನುತ್ತದೆ. ಐದನೇ ತಂತಿ ನುಡಿಸುವಾಗ ತೋರುಬೆರಳ ತುದಿ ಮೇಲಿನ ದಪ್ಪ ತಂತಿಗೆ ಸೋಕಿರಬೇಕು. ಅದೇ ಬೆರಳ ಹೊಟ್ಟೆ ಕೆಳಗಿನ ತೆಳು ತಂತಿಗಳಿಗೆ ಸೋಕಿರಬೇಕು. ಇಲ್ಲೂ ಒಂದು ತೊಡಕಿದೆ. ಒಂದೇ ಬೆರಳು 5, 7 ಅಥವಾ 12ನೇ ಮೆಟ್ಟಿಲಿನ ನೇರಕ್ಕೆ ಸೋಕಿದರೆ ತಂತಿ ಸುಮ್ಮನಾಗುವುದಿಲ್ಲ, ಗಂಟೆಯಂತೆ ಟಿಣ್ ಅನ್ನುತ್ತದೆ. 12ರಲ್ಲಿ ಸರಿಯಾಗಿ ತಂತಿಯ ನಡುಭಾಗ, 7ರಲ್ಲಿ ಮೂರನೇ ಒಂದು ಪಾಲು, 5ರಲ್ಲಿ ಕಾಲು ಪಾಲು. ಅದಕ್ಕೇ ಇನ್ನೊಂದೆರಡು ಬೆರಳನ್ನೂ ಸೋಕಿಸಬೇಕು. ಆಗ ತಂತಿ ನಿಜಕ್ಕೂ ಸತ್ತಂತಾಗುತ್ತದೆ. ನಾಯ್ಸ್ ಗೇಟ್ ಪೆಡಲ್ ನುಡಿಸದೇ ಇರುವಾಗಿನ ಗುಂಯ್‌ಗುಡುವಿಕೆಯನ್ನು ತಡೆದೀತು. ನುಡಿಸುತ್ತಿರುವಾಗ ಪಕ್ಕದ ತಂತಿಯನ್ನು ಸುಮ್ಮನಿರಿಸುವುದು ಕೈಯ ಕೆಲಸವೇ.

ಈಗ ನನ್ನ ಅನುಮಾನ. 2020ರಿಂದ ಪತ್ರಿಕೆಗಳಲ್ಲಿ ಇದೇ ಪದದ ‘ಸೋಂಕು’ ರೂಪ ಅಂದರೆ ಕಾಯಿಲೆಯೇ ಆಗಿಬಿಟ್ಟಿದೆ. ಮಂಡ್ಯ ಕಡೆ ಹಳ್ಳಿಗಳಲ್ಲಿ ‘ಗಾಳಿ ಸೋಕಿದೆ’ ಅನ್ನುವ ಮಾತು ಮೊದಲಿನಿಂದಲೂ ಇದೆ, ಅದೂ ಒಳ್ಳೆಯ ಅರ್ಥದಲ್ಲಿ ಅಲ್ಲ. ಹಾಗಿದ್ದರೂ ಕ್ರಿಯಾಪದವಾಗಿ, ‘ಸೋಕಿಸಿ ಮೀಟು’ ಅಂದರೆ, ಆ ನೆರಳು ಬೀಳುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಅಂಗೈಯದಕ್ಕೆ ‘ಅಂಗೈ ಸೋಕು’, ಬೆರಳಿನದಕ್ಕೆ ‘ಬೆರಳು ಸೋಕು’ ಅಂತ ನಾಮಪದ ಮಾಡಿದರೆ ಮಾತ್ರ ಕಿವಿಗೆ ಕಸಿವಿಸಿ. ಅಲ್ಲಿ ‘ಅಂಗೈ ತಡೆ’, ‘ಬೆರಳು ತಡೆ’ ಸಾಕೇನೋ.

ವೀಣೆ ನುಡಿಸುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಮಿಡಿಯುತ್ತಿರುವ ತಂತಿಯನ್ನು ಬೆರಳಿಟ್ಟು ನಿಲ್ಲಿಸುವುದಕ್ಕೆ ನಿಮ್ಮ ಗುರುಗಳು ಏನಂತಿದ್ದರು? ಜಾಗಟೆ ಬಾರಿಸಿ ತಕ್ಷಣ ಕೈಯಿಟ್ಟು ಮೊಳಗು ನಿಲ್ಲಿಸುತ್ತಾರಲ್ಲ, ಅದಕ್ಕೆ ಮಂಡ್ಯ, ಮದ್ದೂರು, ನಾಗಮಂಗಲದ ಕಡೆ ಬೇರೆ ಮಾತೇನಾದರೂ ಇದೆಯಾ?